ಹುಳು ಹಣ್ಣಾಗದಿದ್ದರೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ರೇಷ್ಮೆ ಹುಳು ನಾಲ್ಕನೇ ಜ್ವರದಿಂದ (ಪೊರೆ ಕಳಚುವ ಹೊತ್ತಿನ ನಿದ್ದೆಯಿಂದ) ಎದ್ದು ಹತ್ತು ದಿನವಾಯಿತು. ದಪ್ಪಗೆ ಬೆಳೆದು ಸೊಪ್ಪು ತಿನ್ನುತ್ತಲೇ ಇವೆ, ಒಂದೂ ಹಣ್ಣಾಗಿಲ್ಲ (ಗೂಡು ಕಟ್ಟಲು ಸಿದ್ಧವಾಗಿಲ್ಲ). ಇದು ರೋಗವೇ? ಹಣ್ಣಾಗಿಸುವ ದ್ರಾವಣ ಕೊಟ್ಟರೆ ಸರಿಹೋದೀತೇ?
(ರಾಮನಗರ ಜಿಲ್ಲೆಯ ಓದುಗರು)

ಉತ್ತರ: ಮೊದಲು ಸಾಕಣೆ ಮನೆಯ ಥರ್ಮಾಮೀಟರ್ ನೋಡಿ. 24–25 ಡಿಗ್ರಿ ಇದ್ದರೆ ನಾಲ್ಕನೇ ಜ್ವರದ ನಂತರದ ಐದನೇ ಹಂತ ಏಳು ದಿನದ ಆಸುಪಾಸಿನಲ್ಲಿ ಮುಗಿಯಬೇಕು. ಚಳಿಗೆ ಒಂದೆರಡು ದಿನ ತಡವಾಗುವುದುಂಟು. ಆಮೇಲೆ ಹುಳುವನ್ನು ಬೆಳಕಿಗೆ ಹಿಡಿಯಿರಿ. ಹಾಲುಹುಳು ರೋಗವಾದರೆ ಗೆಣ್ಣುಗಳ ನಡುವೆ ಊದಿಕೊಂಡು, ಚರ್ಮ ಹರಿದರೆ ಹಾಲಿನಂಥ ರಸ ಸುರಿಯುತ್ತದೆ. ಅಂಥದ್ದೇನೂ ಇಲ್ಲದೆ ಮೈ ಬೆಳ್ಳಗೆ ಗಟ್ಟಿಯಾಗಿದ್ದು ಮೇವೂ ನಿಲ್ಲದಿದ್ದರೆ, ಸೊಪ್ಪಿನಲ್ಲಿ ಕೀಟನಾಶಕದ ಅಂಶವಿದೆ ಎಂದೇ ಅನುಮಾನಿಸಬೇಕು.

ಕಾರಣ ಹೀಗಿದೆ. ಹುಳುವಿನ ಮಿದುಳಿನ ಹಿಂದಿರುವ ಜೋಡಿ ಗ್ರಂಥಿ ಜುವೆನೈಲ್ ಹಾರ್ಮೋನ್ ಸ್ರವಿಸುತ್ತದೆ. ಅದು ಇರುವಷ್ಟು ದಿನ ಹುಳು ಹುಳುವಾಗಿಯೇ ಇರುತ್ತದೆ. ಐದನೇ ಹಂತದಲ್ಲಿ ಅದು ಇಳಿದ ಮೇಲಷ್ಟೇ ಮಿದುಳು ಎದೆಭಾಗದ ಗ್ರಂಥಿಗೆ ಸೂಚನೆ ಕಳಿಸುತ್ತದೆ. ಆಗ ಪೊರೆ ಕಳಚಿಸುವ ಹಾರ್ಮೋನಾದ ಎಕ್ಡೈಸೋನ್ ಏರಿ ಹುಳು ಮೇವು ಬಿಡುತ್ತದೆ, ಮೈ ಪಾರದರ್ಶಕವಾಗುತ್ತದೆ, ತಲೆ ಎತ್ತಿ ಗೂಡಿಗೆ ಜಾಗ ಹುಡುಕುತ್ತದೆ. ಬಿಳಿನೊಣಕ್ಕೆ ಹೊಡೆಯುವ ಪೈರಿಪ್ರಾಕ್ಸಿಫೆನ್ ಈ ಜುವೆನೈಲ್ ಹಾರ್ಮೋನಿನ ನಕಲು. ಪಕ್ಕದ ಹತ್ತಿ, ಬದನೆ, ಮೆಣಸಿನಕಾಯಿ ಹೊಲದಿಂದ ಗಾಳಿಯಲ್ಲಿ ತೇಲಿಬಂದ ಹನಿಯೂ ಸಾಕು. ಹಾರ್ಮೋನಿನ ಲೆಕ್ಕವೇ ಅಷ್ಟು ಸೂಕ್ಷ್ಮ: 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಅರ್ಧ ಟನ್ ರೇಷ್ಮೆ ಕೋಶಗಳಿಂದ (ಪ್ಯೂಪಾಗಳಿಂದ) ಬೇರ್ಪಡಿಸಿದ ಎಕ್ಡೈಸೋನ್ ಬರೀ 25 ಮಿಲಿಗ್ರಾಂ.

ಹಣ್ಣಾಗಿಸುವ ದ್ರಾವಣದಲ್ಲಿರುವುದು ಗಿಡಗಳಿಂದ ತೆಗೆದ ಎಕ್ಡೈಸೋನ್ ಬಗೆಯ ವಸ್ತು. ಜುವೆನೈಲ್ ಹಾರ್ಮೋನ್ ತುಂಬಿದ ಮೈಗೆ ಅದು ಸೇರಿದರೆ ಹುಳುವಿಗೆ ಸಿಗುವುದು ಮತ್ತೊಂದು ಜ್ವರದ ಸೂಚನೆ, ಗೂಡು ಕಟ್ಟುವ ಸೂಚನೆಯಲ್ಲ. ಹಾಗಾಗಿ ನಿಮ್ಮ ಈ ಬೆಳೆಗೆ ಅದರ ಖರ್ಚು ಬೇಡ. ಆರೋಗ್ಯವಾದ ಬೆಳೆಯಲ್ಲಿ ಅದು ನಿಜಕ್ಕೂ ಉಪಯುಕ್ತ. ನೂರಕ್ಕೆ 5–10 ಹುಳು ತಾವಾಗಿಯೇ ಹಣ್ಣಾದ ಮೇಲೆ, ಪೊಟ್ಟಣದ ಮೇಲಿನ ಅಳತೆಯಲ್ಲಿ ಸೊಪ್ಪಿಗೆ ಸಿಂಪಡಿಸಿ ಕೊಟ್ಟರೆ ಉಳಿದವೂ ಒಟ್ಟಿಗೆ ಚಂದ್ರಿಕೆ (ಗೂಡು ಕಟ್ಟುವ ತಟ್ಟೆ) ಹತ್ತುತ್ತವೆ. ಅವಸರಪಟ್ಟು ಮೊದಲೇ ಕೊಟ್ಟರೆ ರೇಷ್ಮೆ ಗ್ರಂಥಿ ತುಂಬುವ ಮುನ್ನವೇ ಗೂಡು ಕಟ್ಟಿ, ಗೂಡು ತೆಳ್ಳಗಾಗುತ್ತದೆ.

ಮುಂದಿನ ಬೆಳೆಗೆ ಅನುಮಾನವಿರುವ ಸಾಲುಗಳನ್ನು ಕತ್ತರಿಸಿ ಹೊಸ ಚಿಗುರು ಬರಿಸಿ. ಆ ಚಿಗುರನ್ನು ಐದನೇ ಹಂತದ 50 ಹುಳುಗಳಿಗೆ ಬೇರೆ ತಟ್ಟೆಯಲ್ಲಿ ಕೊಟ್ಟು ನೋಡಿ. ಅವು ಹಣ್ಣಾಗುವವರೆಗೂ ಉಳಿದ ಹುಳುಗಳಿಗೆ ಆ ಸೊಪ್ಪು ಬೇಡ. ಪಕ್ಕದ ಹೊಲದವರಿಗೆ ಮದ್ದಿನ ಹೆಸರು ಕೇಳಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಮೈಸೂರು ತಳಿಯ ಹೆಣ್ಣು ಮತ್ತು ಸಿಎಸ್‌ಆರ್-2 ಎಂಬ ದ್ವಿತಳಿ ಗಂಡಿನ ಮಿಶ್ರತಳಿಯ ಮೊಟ್ಟೆ ಆಮ್ಲದಲ್ಲಿ ಅದ್ದದೆಯೇ ಒಡೆಯುತ್ತದೆ, ದ್ವಿತಳಿಗೆ ಆಮ್ಲ ಬೇಕು. ಎರಡರಲ್ಲೂ ದ್ವಿತಳಿ ಗಂಡು ಇದ್ದೇ ಇದೆಯಲ್ಲ?

ಉತ್ತರ: ಗಂಡಿನದು ಇಲ್ಲಿ ಲೆಕ್ಕಕ್ಕಿಲ್ಲ, ತಾಯಿಯದೇ ತೀರ್ಮಾನ. ಕೋಶಾವಸ್ಥೆಯಲ್ಲಿರುವ ತಾಯಿಯ ಅನ್ನನಾಳದ ಕೆಳಗಿನ ನರಗಂಟು ಡಯಾಪಾಸ್ ಹಾರ್ಮೋನ್ ಬಿಟ್ಟರೆ, ಅವಳ ಹೊಟ್ಟೆಯಲ್ಲಿ ಬೆಳೆಯುತ್ತಿರುವ ಮೊಟ್ಟೆಗಳು ಸುಪ್ತಾವಸ್ಥೆಗೆ (ಬೆಳವಣಿಗೆ ನಿಂತು ಮಲಗುವ ಸ್ಥಿತಿಗೆ) ಸಿದ್ಧವಾಗುತ್ತವೆ. ಮೈಸೂರು ತಳಿಯ ತಾಯಿ ಇಡುವುದು ಸುಪ್ತವಾಗದ ಮೊಟ್ಟೆ. ತಂದೆ ಯಾರಾದರೂ ಸುಮಾರು ಹತ್ತು ದಿನಕ್ಕೆ ಒಡೆಯುತ್ತದೆ. ದ್ವಿತಳಿ ತಾಯಿಯೂ, ಅವಳು ಸ್ವತಃ ಮೊಟ್ಟೆಯಾಗಿದ್ದಾಗ 15 ಡಿಗ್ರಿ ಕತ್ತಲಲ್ಲಿ ಕಾವು ಪಡೆದಿದ್ದರೆ, ಸುಪ್ತವಲ್ಲದ ಮೊಟ್ಟೆ ಇಡುತ್ತಾಳೆ. 25 ಡಿಗ್ರಿ ಬೆಳಕಿನಲ್ಲಿ ಪಡೆದಿದ್ದರೆ ಸುಪ್ತ ಮೊಟ್ಟೆ.

ಸುಪ್ತ ಮೊಟ್ಟೆಯನ್ನು ಒಡೆಸಲು ಬಿತ್ತನೆ ಕೇಂದ್ರದಲ್ಲಿ ಮೊಟ್ಟೆ ಇಟ್ಟ 20–24 ಗಂಟೆಗೆ, 1.075 ಸಾಪೇಕ್ಷ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 46 ಡಿಗ್ರಿಗೆ ಸುಮಾರು 5 ನಿಮಿಷ ಅದ್ದುತ್ತಾರೆ. ಬೇಗ ಅದ್ದಿದರೆ ಭ್ರೂಣ ಸಾಯುತ್ತದೆ, ತಡವಾದರೆ ಸುಪ್ತಾವಸ್ಥೆ ಮುರಿಯುವುದಿಲ್ಲ. ಅದ್ದಿದ ಕೂಡಲೇ ಹರಿಯುವ ನೀರಿನಲ್ಲಿ ಆಮ್ಲದ ಅಂಶ ಪೂರ್ತಿ ಹೋಗುವವರೆಗೆ ತೊಳೆದು ನೆರಳಲ್ಲಿ ಒಣಗಿಸಬೇಕು. ತೊಳೆತ ಅರೆಬರೆಯಾದರೆ ಚಾಕಿ (ಮರಿಹುಳು) ಸರಿಯಾಗಿ ಏಳುವುದಿಲ್ಲ.