ಸೊನ್ನೆ ಬಿಲ್ಲಿನ ಮನೆಯಲ್ಲೂ ವಿದ್ಯುತ್ ಉಳಿಸಬೇಕೇ?

ಪ್ರಶ್ನೆ: ಗೃಹಜ್ಯೋತಿ ಯೋಜನೆಯಿಂದಾಗಿ ನಮ್ಮ ಮನೆಗೆ ಸೊನ್ನೆ ಬಿಲ್ಲು ಬರುತ್ತಿದೆ. ವಿದ್ಯುತ್ ಉಳಿಸಿ ಎಂದರೆ ಮಕ್ಕಳು ‘ಯಾರಿಗೋಸ್ಕರ?’ ಎಂದು ಕೇಳುತ್ತಾರೆ. ಒಂದು ಮನೆಯ ಉಳಿತಾಯಕ್ಕೂ ಹವಾಮಾನ ಬದಲಾವಣೆಗೂ ಸಂಬಂಧವಿದೆಯೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಖಂಡಿತ ಇದೆ. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಅರ್ಹ ಮನೆಗಳ ಬಿಲ್ಲನ್ನು ಸರ್ಕಾರ ಭರಿಸುತ್ತದೆಯೇ ಹೊರತು, ರಾಯಚೂರು, ಬಳ್ಳಾರಿಗಳ ಉಷ್ಣ ವಿದ್ಯುತ್ ಸ್ಥಾವರಗಳಲ್ಲಿ ಉರಿಯುವ ಕಲ್ಲಿದ್ದಲು ಅದರಿಂದ ಕಡಿಮೆಯಾಗುವುದಿಲ್ಲ. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ತಯಾರಿಸುವಾಗ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅದರಲ್ಲಿ ಗಣನೀಯ ಪಾಲು ಶತಮಾನಗಳ ಕಾಲ ವಾಯುಮಂಡಲದಲ್ಲೇ ಉಳಿದು ಭೂಮಿಯ ಶಾಖವನ್ನು ಹಿಡಿದಿಡುತ್ತದೆ.

ನಿಮ್ಮ ಗಮನ ಮೊದಲು ಗೀಸರ್ ಕಡೆಗೆ ಹರಿಯಲಿ. 2,000 ವಾಟ್‌ನ ಗೀಸರ್ ದಿನಕ್ಕೆ ಮುಕ್ಕಾಲು ಗಂಟೆ ಕಾಯಿಸಿದರೆ ತಿಂಗಳಿಗೆ 45 ಯೂನಿಟ್ ಖರ್ಚಾಗುತ್ತದೆ. ಅದೂ ಬೆಳಗಿನ ಆರು ಗಂಟೆಗೆ, ಅಂದರೆ ಪಾವಗಡದ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಇನ್ನೂ ಕೆಲಸಕ್ಕೆ ಇಳಿಯದ ಹೊತ್ತಿನಲ್ಲಿ. ತಾರಸಿಯಲ್ಲಿ ಜಾಗವಿದ್ದರೆ ಸೋಲಾರ್ ವಾಟರ್ ಹೀಟರ್‌ಗಿಂತ ಒಳ್ಳೆಯ ಉಪಾಯ ನನಗಂತೂ ಕಾಣುವುದಿಲ್ಲ. ಬೋರ್‌ವೆಲ್ ಮೋಟಾರು, ವಾಷಿಂಗ್ ಮಷೀನ್, ಇಸ್ತ್ರಿಪೆಟ್ಟಿಗೆಗಳನ್ನು ಮಧ್ಯಾಹ್ನ ಬಳಸಿದರೆ, ಯೂನಿಟ್ ಅಷ್ಟೇ ಖರ್ಚಾದರೂ, ಅದರಲ್ಲಿ ಬಿಸಿಲಿನ ಪಾಲು ಹೆಚ್ಚಿರುತ್ತದೆ.

ಇನ್ನು ಫ್ಯಾನ್. ಹಳೆಯ ಫ್ಯಾನ್ ಸುಮಾರು 75 ವಾಟ್ ಎಳೆದರೆ ಕಡಿಮೆ ವಿದ್ಯುತ್ ಎಳೆಯುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್‌ಗೆ 30 ವಾಟ್ ಸಾಕು. ಮೂರು ಫ್ಯಾನ್‌ಗಳು ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಮನೆಯಲ್ಲಿ ತಿಂಗಳಿಗೆ 48 ಯೂನಿಟ್‌ಗಳಷ್ಟು ಉಳಿಯುತ್ತದೆ. ಚಾರ್ಜರ್ ಪ್ಲಗ್ ಕಿತ್ತಿಡುವುದು ಒಳ್ಳೆಯದೇ, ಆದರೆ ಅದರಿಂದ ಉಳಿಯುವುದು ಇದರ ಮುಂದೆ ತೀರಾ ಅಲ್ಪ. ಮಕ್ಕಳೇ ಮೀಟರ್ ಓದಿ ಪ್ರತಿ ವಾರ ಬರೆದಿಡಲಿ. ಅವರ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಬೈಗುಳಕ್ಕಿಂತ ಲೆಕ್ಕದ ಉತ್ತರ ಸಿಗಬೇಕು.

ಪ್ರಶ್ನೆ: 2022ರಲ್ಲಿ ಅತಿವೃಷ್ಟಿ, 2023ರಲ್ಲಿ ಬರ. ಭೂಮಿ ಬಿಸಿಯಾಗುತ್ತಿದ್ದರೆ ಎರಡೂ ಹೇಗೆ ಸಾಧ್ಯ?
– ರೈತರೊಬ್ಬರು, ಗದಗ

ಉತ್ತರ: ಒಂದೆರಡು ವರ್ಷಗಳ ಮಳೆ ನೋಡಿ ಹವಾಮಾನ ಬದಲಾವಣೆಯನ್ನು ಅಳೆಯಲಾಗದು, 2023ರ ಬರದ ಹಿಂದೆ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವ ವಿದ್ಯಮಾನ) ಪ್ರಭಾವವೂ ಇತ್ತು. ಆದರೆ ಗಾಳಿಯ ತಾಪ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಸುರಿದಾಗ ಒಮ್ಮೆಲೇ ಸುರಿಯುವ ಸಂಭವ ಹೆಚ್ಚುತ್ತದೆ. ಮಳೆ ಕೈಕೊಟ್ಟ ವಾರಗಳಲ್ಲಿ ಅದೇ ಬಿಸಿ ಗಾಳಿ ಮಣ್ಣಿನ ತೇವವನ್ನು ಬೇಗ ಹೀರಿಬಿಡುತ್ತದೆ. ಆದ್ದರಿಂದ ಹಂಗಾಮಿನ ಒಟ್ಟು ಮಳೆ ವಾಡಿಕೆಯಷ್ಟೇ ಇದ್ದರೂ ನಿಮ್ಮ ಹೆಸರುಕಾಳು, ಶೇಂಗಾ ಬೆಳೆ ಒಣಗಬಹುದು.