ಆ ಚಿಕ್ಕ ಸ್ಟೀಮ್ ಎಂಜಿನ್‌ಗೆ ಈಗಲೇ ಗಾಳಿ ಕೊಡಬೇಡಿ

ಇಂಗ್ಲೆಂಡಿನ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡ ಒಂಟಿ ಸಿಲಿಂಡರಿನ, ನೆಟ್ಟಗೆ ನಿಂತ (ವರ್ಟಿಕಲ್) ಎಂಜಿನ್, ಫ್ಲೈವೀಲ್ 76 ಮಿ.ಮೀ., ಕೈಯಲ್ಲಿ ತಿರುಗಿಸಿದರೆ ಅಲ್ಲಾಡುತ್ತಿಲ್ಲ, ಕಂಪ್ರೆಸರ್ ಜೋಡಿಸಿ ನೋಡಲಾ ಅಂತ ಕೇಳಿದ್ದೀರಿ. ಬೇಡ. ಫ್ಲೈವೀಲ್ ಹಿಡಿದು ಜಗ್ಗುವುದೂ ಬೇಡ. ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ನೀವು ಹಾಕುವ ಬಲವೆಲ್ಲ ಕ್ರ್ಯಾಂಕ್ (ಪಿಸ್ಟನ್ನಿನ ಚಲನೆಯಿಂದ ಶಾಫ್ಟ್ ತಿರುಗಿಸುವ ತೋಳು) ಮೇಲೆ ಬೀಳುತ್ತದೆ. ಅದು ಕೂದಲೆಳೆಯಷ್ಟು ಸೊಟ್ಟಗಾದರೂ ಮುಂದೆ ಬೇರಿಂಗ್ ಪ್ರತಿ ಸುತ್ತಿಗೂ ಬಿಗಿಯುತ್ತದೆ.

ಮೊದಲು ಇದು ಯಾವುದು ಅಂತ ಗೊತ್ತಾಗಲಿ. ತಿರುಗದ ಎಂಜಿನ್ನಿನಲ್ಲೂ ಸ್ಟ್ರೋಕ್, ಅಂದರೆ ಪಿಸ್ಟನ್ ಚಲಿಸುವ ಉದ್ದ, ಅಳೆಯಬಹುದು: ಶಾಫ್ಟಿನ ನಡುವಿನಿಂದ ಕ್ರ್ಯಾಂಕ್ ಪಿನ್ನಿನ ನಡುವಿಗೆ ಇರುವ ದೂರದ ದುಪ್ಪಟ್ಟು. ಅದು 19 ಮಿ.ಮೀ. ಬಂದು, ಬೋರ್ (ಸಿಲಿಂಡರಿನ ಒಳ ಅಗಲ) ಕೂಡ ಅಷ್ಟೇ ಇದ್ದರೆ, ಅಂದರೆ ಎರಡೂ ಮುಕ್ಕಾಲು ಇಂಚು, ನಿಮ್ಮ 3 ಇಂಚಿನ ಫ್ಲೈವೀಲಿನ ಜೊತೆ ಸೇರಿಸಿ ನೋಡಿದರೆ ಬಹುತೇಕ ಇಂಗ್ಲೆಂಡಿನ ಹೆನ್ಲಿಯ ಸ್ಟುವರ್ಟ್ ಟರ್ನರ್ ಕಂಪನಿಯ 10ವಿ ಮಾದರಿ. ಹೆಸರು, ನಂಬರ್ ಏನೂ ಕೆತ್ತಿಲ್ಲ ಅಂತ ನಕಲಿ ಅನ್ನಬೇಡಿ. ಇವು ಎರಕದ ಭಾಗಗಳ ಕಿಟ್ ಆಗಿಯೂ ಮಾರಾಟವಾದವು, ಕೊಂಡವರು ಮನೆಯ ಲೇತಿನಲ್ಲಿ ಕಡೆದುಕೊಂಡರು. ಹಾಗಾಗಿ ಒಂದರಂತೆ ಇನ್ನೊಂದಿಲ್ಲ. ಸಿಲಿಂಡರೇ ಸ್ಪ್ರಿಂಗ್ ಮೇಲೆ ತೊಟ್ಟಿಲಿನಂತೆ ಅಲ್ಲಾಡುವ ಬಗೆಯದಾದರೆ ಅದು ಬೋಮನ್, ಮಾಮೋಡ್ ಎಂಬ ಆಟಿಕೆ ಎಂಜಿನ್ ಕಂಪನಿಗಳ ಕಡೆಯ ವಂಶ. ಅದರಲ್ಲಿ ಸ್ಲೈಡ್ ವಾಲ್ವೇ (ಜಾರುತ್ತಾ ಆವಿಯ ದಾರಿ ತೆರೆದು ಮುಚ್ಚುವ ತುಂಡು) ಇರುವುದಿಲ್ಲ, ಕೆಳಗೆ ಹೇಳಿದ್ದು ಅದಕ್ಕೆ ಹೊಂದುವುದಿಲ್ಲ.

ಇನ್ನೊಂದು ಮಾತು: ನೆಟ್ಟಗೆ ನಿಂತಿರುವುದೆಲ್ಲ ಮೆರೈನ್, ಅಂದರೆ ದೋಣಿಯ ಎಂಜಿನ್, ಅಲ್ಲ. ಒಂಟಿ ಸಿಲಿಂಡರ್ ಡೆಡ್ ಸೆಂಟರಿನಲ್ಲಿ (ಪಿಸ್ಟನ್ ತುತ್ತತುದಿಯಲ್ಲೋ ತಳದಲ್ಲೋ ಇರುವಾಗ) ನಿಂತರೆ ತಾನಾಗಿ ಹೊರಡದು, ಕೈಯಲ್ಲಿ ತಟ್ಟಬೇಕು. ಕೆರೆಯ ನಡುವೆ ದೋಣಿ ನಿಂತಾಗ ತಟ್ಟುವವರು ಯಾರು? ದೋಣಿಗೆ ಬೇಕಾದದ್ದು ಅದೇ ಮನೆತನದ ಡಿ10: ಎರಡು ಸಿಲಿಂಡರ್, 90 ಡಿಗ್ರಿ ಅಂತರದ ಕ್ರ್ಯಾಂಕ್, ಬೇಕಿದ್ದರೆ ಹಿಂದೆ ಮುಂದೆ ತಿರುಗಿಸುವ ಗೇರ್.

ಬಿಚ್ಚುವ ಮುಂಚೆ ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಸ್ಕ್ರೂಗಳು ಈಗಿನ ಮೆಟ್ರಿಕ್ ಅಲ್ಲ, ಬಿಎ ಎಂಬ ಹಳೇ ಬ್ರಿಟಿಷ್ ಅಳತೆಯವು. 7ಬಿಎ ಅಂದರೆ 2.5 ಮಿ.ಮೀ. ದಪ್ಪ, 0.48 ಮಿ.ಮೀ. ಪಿಚ್ (ಥ್ರೆಡ್ಡಿನ ಒಂದು ಸುತ್ತಿನಿಂದ ಇನ್ನೊಂದಕ್ಕೆ ದೂರ), ಅಂಗಡಿಯ ಎಂ2.5ಕ್ಕೆ 0.45 ಪಿಚ್. ಎಂ2.5 ಸ್ಕ್ರೂ ಬಿಎ ತೂತಿನಲ್ಲಿ ಮೂರು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತದೆ. ಅಲ್ಲಿ ಇನ್ನಷ್ಟು ತಿರುಗಿಸಿದರೆ ಎರಕದೊಳಗಿನ ಥ್ರೆಡ್ ಹೋಯಿತು. ಬಿಎ ಸ್ಪ್ಯಾನರ್, ಬಿಎ ಸ್ಕ್ರೂ ತರಿಸಿಕೊಳ್ಳಿ, ದುಬಾರಿಯೇನಲ್ಲ.

ಕಚ್ಚಿದ ಪಿಸ್ಟನ್ ಬಿಡಿಸುವುದು: ಮೊದಲು ಕನೆಕ್ಟಿಂಗ್ ರಾಡನ್ನು ಕ್ರ್ಯಾಂಕಿನಿಂದ ಕಳಚಿ. ಸಿಲಿಂಡರಿನ ಮೇಲಿನ ಮುಚ್ಚಳ ಬಾರದಿದ್ದರೆ ಸ್ಕ್ರೂಡ್ರೈವರ್ ತುರುಕಿ ಎಬ್ಬಬೇಡಿ, ಬೀಡು ಕಬ್ಬಿಣದ ಅಂಚು ಮುರಿಯುತ್ತದೆ. ಕೂಡಿನ ಸುತ್ತ ಬ್ಲೇಡ್ ಆಡಿಸಿ ಬಣ್ಣ ಸೀಳಿ. ಒಳಗೆ ಪೆನೆಟ್ರೇಟಿಂಗ್ ಆಯಿಲ್ ತುಂಬಿ ಮೂರು ನಾಲ್ಕು ದಿನ ಬಿಡಿ, ದಿನಾ ಮೇಲೆ ಸುರಿಯಿರಿ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಗೆ (ಎಟಿಎಫ್) ಅಸಿಟೋನ್ ಬೆರೆಸಿ ಹಾಕುವವರಿದ್ದಾರೆ, ಬೇಗ ಇಳಿಯುವುದು ನಿಜ, ಆದರೆ ಮೂಲ ಬಣ್ಣವನ್ನೂ ತಿಂದುಬಿಡುತ್ತದೆ. ಆಮೇಲೆ ಬೋರಿಗಿಂತ ಸ್ವಲ್ಪ ಸಣ್ಣ ಗಟ್ಟಿ ಮರದ ದುಂಡು ತುಂಡು ಇಟ್ಟು ಮೆಲ್ಲಗೆ ತಟ್ಟಿ. ಪಿಸ್ಟನ್ ಆಗಲೇ ತಳದಲ್ಲಿದ್ದರೆ ಮೇಲಿಂದ ತಟ್ಟಿ ಪ್ರಯೋಜನವಿಲ್ಲ. ಸಿಲಿಂಡರ್ ಕಳಚಿ ರಾಡಿನ ಕಡೆಯಿಂದ ಒತ್ತಬೇಕು. ಪಿಸ್ಟನ್ ಸುತ್ತ, ಗ್ಲಾಂಡಿನಲ್ಲಿ (ರಾಡ್ ಹೊರಬರುವಲ್ಲಿ ಆವಿ ಸೋರದಂತೆ ಹುರಿ ತುಂಬುವ ಜಾಗ) ಬೂದು ಬಣ್ಣದ ಹಳೇ ಹುರಿ ಕಂಡರೆ ಅದು ಕಲ್ನಾರು ಇರಬಹುದು: ಚೆನ್ನಾಗಿ ಒದ್ದೆ ಮಾಡಿ ತೆಗೆದು ಚೀಲಕ್ಕೆ ಹಾಕಿ, ಒಣಗಿದ್ದಾಗ ಕೆರೆಯಬೇಡಿ, ಗಾಳಿ ಊದಬೇಡಿ. ಬದಲಿಗೆ ಗ್ರಾಫೈಟ್ ಹುರಿ ಸುತ್ತಿ, ಬೆರಳಲ್ಲಿ ಜಾರುವಷ್ಟು ಸಾಕು.

ಜೋಡಿಸಿದ ಮೇಲೆ ಓಡದಿದ್ದರೆ ಹೆಚ್ಚಿನವರು ಪಿಸ್ಟನ್ನನ್ನೇ ಬೈಯುತ್ತಾರೆ. ತಪ್ಪು ಸಾಮಾನ್ಯವಾಗಿ ಸ್ಲೈಡ್ ವಾಲ್ವಿನದು. ವಾಲ್ವ್ ತನ್ನ ರಾಡಿನ ನಟ್ಟಿನ ಮೇಲೆ ಸಡಿಲವಾಗಿರಬೇಕು, ಆವಿಯ ಒತ್ತಡವೇ ಅದನ್ನು ಪೋರ್ಟ್ ಮುಖಕ್ಕೆ (ಆವಿಯ ತೂತುಗಳಿರುವ ಚಪ್ಪಟೆ ಮೈಗೆ) ಒತ್ತಬೇಕು. ನಟ್ ಬಿಗಿಯಾಗಿ ಹಿಡಿದರೆ ವಾಲ್ವ್ ಮುಖದಿಂದ ಎದ್ದು ನಿಲ್ಲುತ್ತದೆ, ಆವಿ ನೇರ ಎಕ್ಸಾಸ್ಟಿಗೆ ಹೋಗಿ ಬರೀ ಸುಸ್ ಅನ್ನುತ್ತದೆ. ವಾಲ್ವಿನ ಮುಖವನ್ನು ದಪ್ಪ ಗಾಜಿನ ಮೇಲೆ 1200 ನಂಬರ್ ಕಾಗದ ಹಾಸಿ, ಎಣ್ಣೆ ಹಾಕಿ, ಎಂಟರ ಆಕಾರದಲ್ಲಿ ಉಜ್ಜಿ. ಮಸುಕು ಬಣ್ಣ ಇಡೀ ಮುಖಕ್ಕೆ ಸಮನಾಗಿ ಬಂದಾಗ ನಿಲ್ಲಿಸಿ.

ಹೊಂದಿಸುವುದು ಹೀಗೆ. ಶಾಫ್ಟ್ ಒಂದು ಸುತ್ತು ತಿರುಗಿಸಿ, ಮೇಲಿನ ಕೆಳಗಿನ ಪೋರ್ಟುಗಳು ಎಷ್ಟೆಷ್ಟು ತೆರೆಯುತ್ತವೆ ನೋಡಿ, ಸಮ ಆಗುವ ತನಕ ರಾಡಿನ ನಟ್ ಸರಿಸಿ. ನಂತರ ಪಿಸ್ಟನ್ನನ್ನು ತುತ್ತತುದಿಗೆ ತಂದು, ಎಕ್ಸೆಂಟ್ರಿಕ್ (ಶಾಫ್ಟಿನ ಮೇಲೆ ನಡು ತಪ್ಪಿಸಿ ಕೂರಿಸಿದ, ವಾಲ್ವ್ ಆಡಿಸುವ ಬಿಲ್ಲೆ) ಸಡಿಲಿಸಿ, ಎಂಜಿನ್ ಓಡಬೇಕಾದ ದಿಕ್ಕಿಗೇ ಅದನ್ನು ತಿರುಗಿಸುತ್ತಾ ಬನ್ನಿ. ಮೇಲಿನ ಪೋರ್ಟ್ ಕಾಗದದೆಳೆಯಷ್ಟು ಬಿರಿದ ಜಾಗದಲ್ಲಿ ಬಿಗಿಯಿರಿ. ಆಗ ಎಕ್ಸೆಂಟ್ರಿಕ್ ಕ್ರ್ಯಾಂಕಿಗಿಂತ 90 ಡಿಗ್ರಿಗೆ ತುಸು ಹೆಚ್ಚು ಮುಂದಿರುತ್ತದೆ. ಪಿಸ್ಟನ್ ತಳಕ್ಕೆ ಬಂದಾಗ ಕೆಳಗಿನ ಪೋರ್ಟೂ ಅಷ್ಟೇ ಬಿರಿಯಬೇಕು. ಈಗ ಎಣ್ಣೆ ಬಿಟ್ಟು ಗಾಳಿ ಕೊಡಿ: 10 ಪಿಎಸ್‌ಐ ಆಸುಪಾಸಿನಲ್ಲೇ ಸರಾಗ ತಿರುಗಬೇಕು. 40 ಕೇಳಿದರೆ ಎಲ್ಲೋ ಬಿಗಿ ಇದೆ, ಹುಡುಕಿ.

ಪೆಟ್ಟಿಗೆಯಲ್ಲಿದ್ದ ಬಾಯ್ಲರ್ ಬೇರೆಯೇ ಲೆಕ್ಕ. ಹಿತ್ತಾಳೆಯ ಫಿಟಿಂಗ್ ಮೇಲೆ ಗುಲಾಬಿ ಕಲೆ ಇದ್ದರೆ ಸತು ಕರಗಿ ಹೋಗಿದೆ, ಆ ತುಂಡು ಬಿಸಾಡಿ. ಮೆದು ಬೆಸುಗೆಯದ್ದಾದರೆ ನೀರು ಬತ್ತಿದ ಕ್ಷಣವೇ ಕೂಡು ಬಿಡುತ್ತದೆ, ತವರ-ಸೀಸದ ಬೆಸುಗೆ 183 ಡಿಗ್ರಿಯಲ್ಲೇ ಕರಗತೊಡಗುತ್ತದೆ. ಬೆಂಕಿ ಹಚ್ಚುವ ಮುನ್ನ ಗಾಳಿ ಇಲ್ಲದಂತೆ ತಣ್ಣೀರು ತುಂಬಿ ಕೈಪಂಪಿನಿಂದ ಕೆಲಸದ ಒತ್ತಡದ ಎರಡರಷ್ಟು ಪರೀಕ್ಷೆ ಆಗಲೇಬೇಕು. ಹತ್ತಿರದ ಮಾಡೆಲ್ ಎಂಜಿನಿಯರಿಂಗ್ ಕ್ಲಬ್ಬಿಗೆ ಒಯ್ಯಿರಿ.

ಆವಿಯಲ್ಲಿ ಓಡಿಸುವಾಗ ಕಾರಿನ ಎಣ್ಣೆ ಹಾಕಬೇಡಿ, ನೀರಿನ ಜೊತೆ ಸೇರಿ ಬೆಣ್ಣೆಯಂತಾಗುತ್ತದೆ. 460 ದರ್ಜೆಯ ಸ್ಟೀಮ್ ಸಿಲಿಂಡರ್ ಆಯಿಲ್ ಬೇಕು. ಓಡಿ ನಿಂತ ಮೇಲೆ, ಬಿಸಿ ಇರುವಾಗಲೇ ಸಿಲಿಂಡರಿನ ನೀರು ಊದಿ ತೆಗೆದು, ತೆಳು ಎಣ್ಣೆ ಬಿಟ್ಟು ಹತ್ತು ಸಲ ಕೈಯಲ್ಲಿ ತಿರುಗಿಸಿಡಿ. ನಿಮ್ಮದು ಕಚ್ಚಿಕೊಂಡದ್ದೂ ಬಹುಶಃ ಇದನ್ನು ಯಾರೋ ಮಾಡದೆ ಬಿಟ್ಟಿದ್ದರಿಂದಲೇ.

ವಾಲ್ವಿನ ಮುಚ್ಚಳ ತೆಗೆದಾಗ ಪೋರ್ಟ್ ಮುಖದ ಫೋಟೊ ಓರೆ ಬೆಳಕಿನಲ್ಲಿ ತೆಗೆದು ಹಾಕಿ, ಗೀರು ಎಷ್ಟು ಆಳವಿದೆ ನೋಡೋಣ.