ಆಪ್ತಸಲಹೆ ಪ್ರಕರಣ: ಅಚ್ಚಾಗದಿದ್ದರೆ ಬರೆಯುವುದೇಕೆ?

(ಗುರುತು ಸಿಗದಂತೆ ವಿವರ ಬದಲಿಸಲಾಗಿದೆ.)

ಮಂಡ್ಯ ಕಡೆಯ ನಿವೃತ್ತ ಶಿಕ್ಷಕಿ. ಆಲೆಮನೆ, ನಾಲೆಗೆ ನೀರು ಬಿಟ್ಟ ದಿನ, ತವರಿನ ಹಬ್ಬ ಇವನ್ನೆಲ್ಲ ಎಷ್ಟೋ ವರ್ಷಗಳಿಂದ ನೋಟ್‌ಬುಕ್ಕಿನಲ್ಲಿ ಸುಮ್ಮನೆ ಬರೆದಿಟ್ಟವರು. ಮಗನ ಒತ್ತಾಯಕ್ಕೆ ಪತ್ರಿಕೆಗಳಿಗೆ ಕಳಿಸಿದರು. ಒಂದೂ ಅಚ್ಚಾಗಲಿಲ್ಲ. ಆಮೇಲೆ ಪೆನ್ನನ್ನೇ ಮುಟ್ಟಲಿಲ್ಲ. "ಯಾರೂ ಓದ್ದೆ ಇದ್ಮೇಲೆ ಬರ್ದೇನ್ ಬಂತು ಮೇಡಂ?" ಎಂದು ಕೇಳಿದರು.

ಮೊದಲು ನಿದ್ದೆ, ಊಟ, ದಿನದ ಕೆಲಸ ವಿಚಾರಿಸಿದೆವು. ಅವೆಲ್ಲ ಸರಿಯಿದ್ದವು. ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸಿಲ್ಲ ಎನ್ನುವವರು ಮನೋವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಹಳೆಯ ಪುಟಗಳಲ್ಲಿ ಕೊಪ್ಪರಿಗೆಯ ಪಾಕ ಹದಕ್ಕೆ ಬರುವ ವಾಸನೆಯಿತ್ತು. ಕಳಿಸಲು ಬರೆದವುಗಳಲ್ಲಿ ಬರೀ 'ಸಮಾಜಕ್ಕೆ ಸಂದೇಶ'. ಸಂಪಾದಕರಿಗೆ ಏನು ಬೇಕೆಂಬ ಊಹೆ ಅವರ ಕಣ್ಣನ್ನೇ ಮುಚ್ಚಿತ್ತು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಶಿಶುವಿಹಾರದ ಮಕ್ಕಳಲ್ಲಿ ಇಂಥದ್ದನ್ನೇ ಕಂಡರು. ಬಹುಮಾನ ಕೊಡುತ್ತೇವೆಂದು ಮೊದಲೇ ಹೇಳಿ ಚಿತ್ರ ಬರೆಸಿದ ಮಕ್ಕಳು ಆಮೇಲೆ ತಾವಾಗಿ ಚಿತ್ರ ಬರೆಯುವುದು ಕಡಿಮೆಯಾಯಿತು. ಮೊದಲು ಹೇಳದೆ, ಆಮೇಲೆ ಬಹುಮಾನ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ.

ಕೊಟ್ಟ ಸಲಹೆ: ಮೂರು ತಿಂಗಳು ಯಾರಿಗೂ ಕಳಿಸಬಾರದು, ಮಗನಿಗೂ ತೋರಿಸಬಾರದು. ಸಾಧಾರಣ ರೂಲ್ ನೋಟ್‌ಬುಕ್ ಸಾಕು. ದುಬಾರಿ ಡೈರಿಯಲ್ಲಿ ಪುಟ ಹಾಳಾದೀತೆಂದು ಕೈ ಹಿಂಜರಿಯುತ್ತದೆ. ಮೊಬೈಲಿನಲ್ಲಿ ಬರೆಯುವುದು ಬೇಡ. ಅಲ್ಲಿಂದ ವಾಟ್ಸಾಪ್ ಗುಂಪಿಗೆ ಒಂದೇ ಬೆರಳಿನ ದೂರ, ಅಲ್ಲಿ ಮತ್ತೆ ಮೆಚ್ಚುಗೆಯ ಲೆಕ್ಕ ಶುರು. ಸಂಜೆ ದೀಪ ಹಚ್ಚಿದ ಮೇಲೆ 20 ನಿಮಿಷ, ವಾರಕ್ಕೆ ನಾಲ್ಕು ದಿನ. ಮುಂದಿನ ವಾಕ್ಯ ಗೊತ್ತಿರುವಾಗಲೇ ನಿಲ್ಲಿಸಿದರೆ ಮರುದಿನ ಖಾಲಿ ಹಾಳೆಯ ಭಯವಿರದು. ಎರಡು ವಾರ ತಿರುಗಿ ಓದಬಾರದು. ಓದಿದರೆ ತಿದ್ದುವ ಮೇಷ್ಟರು ಎದ್ದು ಕೂರುತ್ತಾರೆ.

ಮೊದಲ ವಾರ ಏನೂ ತೋಚದಿರುವುದು ಸಹಜ. ಆಗ ಒಂದೇ ವಸ್ತು, ಅದರ ವಾಸನೆ, ಸದ್ದು, ಮುಟ್ಟಿದರೆ ಹೇಗಿತ್ತು, ಇಷ್ಟು ಬರೆಯಿರಿ ಎಂದೆವು. ನೋವಿನ ನೆನಪು ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಗಬಹುದು. ಮನಶ್ಶಾಸ್ತ್ರಜ್ಞ ಪೆನ್ನೆಬೇಕರ್ ಅವರ 1986ರ ಬರವಣಿಗೆಯ ಪ್ರಯೋಗದಲ್ಲೂ ಇದು ಕಂಡಿತ್ತು. ಹಾಗಾಗಿ ಅಂಥದ್ದನ್ನು ಮಲಗುವ ಹೊತ್ತಿಗೆ ಹಿಡಿಯಬಾರದು.

"ಯಾವಾಗಮ್ಮಾ ಪ್ರಿಂಟಾಗೋದು?" ಎಂದು ಮಗ ಕೇಳಿದರೆ, "ಇದು ನಂಗೆ ಕಣಪ್ಪ" ಎಂದಷ್ಟೇ ಉತ್ತರ.

ಮೂರು ತಿಂಗಳ ನಂತರ ಕಳಿಸಬೇಕೆನಿಸಿದರೆ ಅಡ್ಡಿಯಿಲ್ಲ. ಆದರೆ ಬರಹ ಮುಗಿದ ಮೇಲಷ್ಟೇ ಆ ಯೋಚನೆ. ಪ್ರತಿ ಇಟ್ಟುಕೊಂಡು, ಕಳಿಸಿದ ದಿನವೇ ಮುಂದಿನದ್ದರ ಮೊದಲ ಸಾಲು ಬರೆದುಬಿಡಬೇಕು.